ಡಿಮೆನ್ಷಿಯಾ ಕೊನೆಯ ಹಂತ: ಮೂಗಿನ ನಳಿಕೆಯೋ, ಕೈತುತ್ತೋ?

ಬೆಂಗಳೂರು: ಡಿಮೆನ್ಷಿಯಾ ಎಂದರೆ ಹೆಸರು, ದಾರಿ, ದಿನಾಂಕ ಮರೆಯುವ ಕಾಯಿಲೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಕ್ರಮೇಣ ನಡಿಗೆ, ಮಾತು, ಕೊನೆಗೆ ನುಂಗುವ ಶಕ್ತಿಯನ್ನೂ ಕಸಿದುಕೊಂಡು ಸಾವಿಗೆ ಕಾರಣವಾಗುತ್ತದೆ ಎಂಬುದು ಮನೆಯವರಿಗೆ ಮನವರಿಕೆಯಾಗುವುದು ಬಹಳ ತಡವಾಗಿ.

ಭಾರತದಲ್ಲಿ 60 ವರ್ಷ ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜಿಸಿದೆ. ಆದರೂ ಉಪಶಮನ ಆರೈಕೆ ಎಂದೊಡನೆ ಜನರಿಗೆ ನೆನಪಾಗುವುದು ಕ್ಯಾನ್ಸರ್ ಮಾತ್ರ.

ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಆರೈಕೆ ಕೇಂದ್ರಗಳಲ್ಲಿ ಕಾಯಿಲೆ ಉಲ್ಬಣಿಸಿದ್ದ 323 ಮಂದಿಯನ್ನು 18 ತಿಂಗಳು ಗಮನಿಸಿದ ವೈದ್ಯರು 2009ರಲ್ಲಿ ವರದಿ ಪ್ರಕಟಿಸಿದರು. ಆ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೃತಪಟ್ಟಿದ್ದರು. ಶೇ 86ರಷ್ಟು ಮಂದಿಗೆ ಆಹಾರ ಸೇವನೆಯ ತೊಂದರೆ ಕಾಣಿಸಿಕೊಂಡಿತ್ತು. ಕಾಯಿಲೆಯ ಗತಿ ಏನೆಂದು ಮನೆಯವರಿಗೆ ಮೊದಲೇ ತಿಳಿದಿದ್ದಲ್ಲಿ, ಕೊನೆಯ ಮೂರು ತಿಂಗಳಲ್ಲಿ ರೋಗಿಗೆ ನೋವುಂಟುಮಾಡುವ ಚಿಕಿತ್ಸೆಗಳು ಬಹಳ ಕಡಿಮೆಯಾಗಿದ್ದವು.

ಅಂತಹ ಚಿಕಿತ್ಸೆಗಳಲ್ಲಿ ಮುಖ್ಯವಾದುದು ನಳಿಕೆಯ ಮೂಲಕ ಆಹಾರ ನೀಡುವುದು. ಊಟ ಬಿಟ್ಟ ತಾಯಿಯನ್ನು ಹಸಿವಿನಲ್ಲಿ ಬಿಡುವುದು ಹೇಗೆ ಎಂಬ ಸಂಕಟದಲ್ಲಿ ಮಕ್ಕಳು ಇದಕ್ಕೆ ಒಪ್ಪುತ್ತಾರೆ. ಆದರೆ ಕೊನೆಯ ಹಂತದಲ್ಲಿ ನಳಿಕೆಯಿಂದ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎಂಜಲು ಶ್ವಾಸಕೋಶಕ್ಕೆ ಇಳಿಯುವುದು ನಿಲ್ಲುವುದಿಲ್ಲ, ನ್ಯುಮೋನಿಯಾ ತಪ್ಪುವುದಿಲ್ಲ. ರೋಗಿ ನಳಿಕೆ ಕಿತ್ತುಕೊಳ್ಳುತ್ತಾರೆಂದು ಕೈ ಕಟ್ಟಿಹಾಕುವ ಪ್ರಸಂಗವೂ ಬರುತ್ತದೆ. ಅಮೆರಿಕದ ಜರಾವೈದ್ಯರ ಸಂಘ 2014ರಲ್ಲಿ ನಳಿಕೆಯ ಬದಲು ಕೈಯಿಂದಲೇ ಉಣಿಸಬೇಕೆಂದು ಸಲಹೆ ಮಾಡಿತು.

ರೋಗಿಯನ್ನು ನೇರವಾಗಿ ಕೂರಿಸಿ, ಮೆತ್ತಗಿನ ಅನ್ನ ಅಥವಾ ಗಟ್ಟಿ ಗಂಜಿಯನ್ನು ಚಿಕ್ಕ ಚಮಚದಲ್ಲಿ, ಹಿಂದಿನ ತುತ್ತು ನುಂಗಿದ ಮೇಲಷ್ಟೇ ಕೊಡಬೇಕು. ಎರಡೇ ಚಮಚಕ್ಕೆ ಸಾಕೆಂದು ಮುಖ ತಿರುಗಿಸಿದರೆ ಒತ್ತಾಯ ಸಲ್ಲದು. ಇದಕ್ಕೆ ಹಿಡಿಯುವ ಸಮಯವೇ ದೊಡ್ಡ ತೊಡಕು. ದುಡಿಯುವ ದಂಪತಿಯ ಮನೆಯಲ್ಲಿ ಇದು ಸುಲಭವೇನಲ್ಲ.

ಮಾತು ನಿಂತವರ ನೋವನ್ನು ಮುಖದ ಬಿಗಿ, ನರಳಿಕೆ, ಉಸಿರಾಟದ ಏರುಪೇರುಗಳಿಂದ ಗುರುತಿಸಬೇಕಾಗುತ್ತದೆ. ಹಟ, ಕಿರುಚಾಟ ಎಂದು ನಿದ್ರೆ ಮಾತ್ರೆ ಕೊಡುವ ಮುನ್ನ ಬೆನ್ನ ಹುಣ್ಣು, ಮಲಬದ್ಧತೆ, ಹಲ್ಲುನೋವು ಇವೆಯೇ ಎಂದು ನೋಡುವುದು ಉಪಶಮನ ಆರೈಕೆಯ ಕ್ರಮ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಈ ಕುರಿತು ಆದೇಶ ಹೊರಡಿಸಿದೆ. ಆದರೆ ಬರೆಯುವವರು ಸ್ವಸ್ಥಚಿತ್ತರಾಗಿರಬೇಕಾದ್ದರಿಂದ ಡಿಮೆನ್ಷಿಯಾ ಇರುವವರಿಗೆ ಆ ಅವಕಾಶ ಸಿಗುವುದು ಕಾಯಿಲೆಯ ಆರಂಭದ ದಿನಗಳಲ್ಲಿ ಮಾತ್ರ.