ಇಲ್ಲದ ಸಾಲಿನ ಶೋಧ

ಗಣಕಯಂತ್ರವು ತಾನು ನಡೆಸಿದ ಕಾರ್ಯಗಳನ್ನು ಕಾಲಕ್ರಮದಲ್ಲಿ ಸಾಲುಸಾಲಾಗಿ ಬರೆದಿಡುವ ಕಡತಕ್ಕೆ ಲಾಗ್ ಎಂದು ಹೆಸರು. ಯಾವ ಹೊತ್ತಿನಲ್ಲಿ ಯಾರು ಪ್ರವೇಶಿಸಿದರು, ಯಾವ ಕೆಲಸ ಮುಗಿಯಿತು, ಯಾವುದು ಕೆಟ್ಟಿತು ಎಂಬುದೆಲ್ಲ ಅಲ್ಲಿ ದಾಖಲಾಗುವುದರಿಂದ, ತೊಡಕು ತೋರಿದಾಗ ತಜ್ಞರು ಮೊದಲು ತೆರೆಯುವುದು ಅದನ್ನೇ. ಅಲ್ಲಿ ಇರುವುದನ್ನು ಹುಡುಕುವುದು ಸುಲಭ. ಗ್ರೆಪ್ ಎಂಬ ಆಜ್ಞೆಗೆ ಒಂದು ಪದವನ್ನು ಕೊಟ್ಟರೆ, ಲಕ್ಷಾಂತರ ಸಾಲುಗಳ ನಡುವಿನಿಂದ ಆ ಪದವುಳ್ಳವನ್ನು ಮಾತ್ರ ಅದು ಹೆಕ್ಕಿ ತೋರಿಸುತ್ತದೆ. ಆದರೆ ಬರಬೇಕಾಗಿದ್ದು ಬಾರದೆ ಹೋದ ಸಾಲನ್ನು ಹುಡುಕುವ ಬಗೆ ಯಾವುದು? ಐದೈದು ನಿಮಿಷಕ್ಕೊಮ್ಮೆ ನಡೆದು ಒಂದೊಂದು ಸಾಲು ಬರೆಯಬೇಕಾದ ಕೆಲಸವು ನಡುರಾತ್ರಿಯಲ್ಲಿ ಒಮ್ಮೆ ನಡೆಯದೆಹೋದರೆ, ತಾನು ನಡೆಯಲಿಲ್ಲವೆಂದು ಅದು ಬರೆಯಲಾರದು. ಗ್ರೆಪ್ಪಿಗೆ ಕೊಡಬಹುದಾದ ಪದವೇ ಆಗ ಕಡತದಲ್ಲಿ ಇರುವುದಿಲ್ಲ.

ಅಭಾವದ ಜ್ಞಾನವು ನಮಗೆ ಉಂಟಾಗುವುದು ಹೇಗೆಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಬಹುಕಾಲ ಚರ್ಚಿಸಿದ್ದಾರೆ. ನೈಯಾಯಿಕರು ಅದನ್ನು ಪ್ರತ್ಯಕ್ಷದಲ್ಲಿಯೇ ಅಂತರ್ಗತಗೊಳಿಸಿದರೆ, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವನ್ನೇ ಅಂಗೀಕರಿಸಿ, ಅದಕ್ಕೆ ಯೋಗ್ಯತೆಯೆಂಬ ನಿಬಂಧನೆಯನ್ನು ವಿಧಿಸಿದರು: ವಸ್ತುವು ಇದ್ದಿದ್ದರೆ ಕಾಣುವಂತಿರಬೇಕು, ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದರಿಂದ ಅಲ್ಲಿ ಗಡಿಗೆಯಿಲ್ಲವೆಂದು ಸಿದ್ಧವಾಗದು. ಲಾಗನ್ನು ಪರೀಕ್ಷಿಸುವವನಿಗೂ ಇದರಿಂದ ಎರಡು ಕರ್ತವ್ಯಗಳು ಪ್ರಾಪ್ತವಾಗುತ್ತವೆ. ಏನೇನು ಇರಬೇಕಾಗಿತ್ತೆಂಬುದನ್ನು ಮೊದಲು ಅವನು ನಿಶ್ಚಯಿಸಬೇಕು. ಇದ್ದಿದ್ದರೆ ಕಾಣುತ್ತಿತ್ತೇ ಎಂಬುದನ್ನು ಆಮೇಲೆ ವಿಚಾರಿಸಬೇಕು.

ಮೊದಲನೆಯದಕ್ಕೆ ಬೇಕಾದ ಸಾಧನಗಳು ಯುನಿಕ್ಸ್ ಪರಂಪರೆಯವು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರಿಂದ ಆರಂಭವಾದ ಈ ವ್ಯವಸ್ಥೆಯಲ್ಲಿ, ಬಳಸುವವನ ಆಜ್ಞೆಗಳನ್ನು ಓದಿ ನಡೆಯಿಸುವ ಕ್ರಮವಿಧಿಗೆ ಶೆಲ್ ಎಂದೂ, ಪದೇ ಪದೇ ಬೇಕಾಗುವ ಆಜ್ಞೆಗಳನ್ನು ಒಟ್ಟಾಗಿ ಬರೆದಿಟ್ಟ ಕಡತಕ್ಕೆ ಶೆಲ್ ಸ್ಕ್ರಿಪ್ಟ್ ಎಂದೂ ಹೆಸರು. ಡಗ್ಲಸ್ ಮ್ಯಾಕಿಲ್‌ರಾಯ್ 1964ರಲ್ಲಿಯೇ ಸೂಚಿಸಿದ್ದ, 1973ರಲ್ಲಿ ಥಾಂಪ್ಸನ್ ಅಳವಡಿಸಿದ ಪೈಪ್ ಎಂಬ ಉಪಾಯದಿಂದ ಒಂದು ಆಜ್ಞೆಯ ಫಲಿತವು ನೇರವಾಗಿ ಮುಂದಿನ ಆಜ್ಞೆಗೆ ಹರಿಯುವಂತಾಗಿ, ಒಂದೊಂದೇ ಅಲ್ಪ ಕೆಲಸವನ್ನು ಬಲ್ಲ ಆಜ್ಞೆಗಳು ಕೂಡಿಕೊಂಡು ದೊಡ್ಡ ಕಾರ್ಯಗಳನ್ನು ಸಾಧಿಸಬಲ್ಲವಾದವು.

ಮೇಲೆ ಹೇಳಿದ ಕೆಲಸವನ್ನೇ ತೆಗೆದುಕೊಳ್ಳೋಣ. ದಿನಕ್ಕೆ 1440 ನಿಮಿಷಗಳಾದುದರಿಂದ ಲಾಗಿನಲ್ಲಿ 288 ಸಾಲುಗಳು ಇರತಕ್ಕದ್ದು. ಸಾಲುಗಳನ್ನು ಎಣಿಸಿ ಮೊತ್ತ ಸರಿಯಾಯಿತೆಂದು ತೃಪ್ತನಾಗುವವನು ಮೋಸಹೋದಾನು. ಒಂದು ಸಾಲು ತಪ್ಪಿ ಇನ್ನೊಂದು ಎರಡು ಬಾರಿ ಬಿದ್ದಿದ್ದರೂ ಮೊತ್ತ 288 ಆಗಿಯೇ ಇರುತ್ತದೆ. ಆದಕಾರಣ ಸೀಕ್ ಎಂಬ ಆಜ್ಞೆಯಿಂದ 0 ಮೊದಲ್ಗೊಂಡು 1435ರವರೆಗೆ ಐದೈದರ ಅಂತರದಲ್ಲಿ ಸಂಖ್ಯೆಗಳನ್ನು ಹೊರಡಿಸಿ, ಅವನ್ನು ಗಂಟೆ ನಿಮಿಷಗಳಾಗಿ ಪರಿವರ್ತಿಸಿ, ನಿರೀಕ್ಷಿತವಾದ ಹೊತ್ತುಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಲಾಗಿನ ಪ್ರತಿಯೊಂದು ಸಾಲಿನಿಂದಲೂ ಸೆಕೆಂಡುಗಳನ್ನು ಬಿಟ್ಟು ಗಂಟೆ ನಿಮಿಷಗಳನ್ನಷ್ಟೆ ಕತ್ತರಿಸಿ ತೆಗೆದು ಎರಡನೆಯ ಪಟ್ಟಿಯನ್ನು ಮಾಡಬೇಕು. ಸಾರ್ಟ್ ಎಂಬುದು ಈ ಎರಡನ್ನೂ ಕ್ರಮಪಡಿಸಿದ ಬಳಿಕ, ಕಾಮ್ ಎಂಬ ಆಜ್ಞೆಯು ಅವುಗಳನ್ನು ಮೇಲಿನಿಂದ ಜೊತೆಜೊತೆಯಾಗಿ ಓದುತ್ತ, ಮೊದಲನೆಯದರಲ್ಲಿ ಮಾತ್ರ ಇರುವುದು, ಎರಡನೆಯದರಲ್ಲಿ ಮಾತ್ರ ಇರುವುದು, ಎರಡರಲ್ಲಿಯೂ ಇರುವುದು ಎಂದು ಮೂರು ಅಂಕಣಗಳಾಗಿ ವಿಂಗಡಿಸುತ್ತದೆ. ಕೊನೆಯ ಎರಡು ಅಂಕಣಗಳನ್ನು ಬಿಟ್ಟುಬಿಡೆಂದು ಹೇಳಿದರೆ ಉಳಿಯುವುದು ಲುಪ್ತವಾದ ಹೊತ್ತುಗಳ ಪಟ್ಟಿಯೇ.

ಇಲ್ಲಿ ಅನನುಭವಿಗಳು ಎಡವುವ ಸ್ಥಾನವೊಂದುಂಟು. ಕಾಮ್ ನಿರೀಕ್ಷಿಸುವುದು ಅಕ್ಷರಕ್ರಮವನ್ನೇ ಹೊರತು ಸಂಖ್ಯಾಕ್ರಮವನ್ನಲ್ಲ. ಅಕ್ಷರಕ್ರಮದಲ್ಲಿಯಾದರೋ 1 ಎಂಬುದು 9ಕ್ಕಿಂತ ಮೊದಲು ಬರುವುದರಿಂದ, 10 ಎಂಬುದು 9ಕ್ಕಿಂತ ಮೊದಲೇ ಬಂದುಬಿಡುತ್ತದೆ. ಒಂದು ಪಟ್ಟಿ ಒಂದು ಕ್ರಮದಲ್ಲಿಯೂ ಇನ್ನೊಂದು ಬೇರೆ ಕ್ರಮದಲ್ಲಿಯೂ ಇದ್ದರೆ, ಇರುವ ಸಾಲುಗಳೇ ಇಲ್ಲದವೆಂದು ತೋರಿಯಾವು. ಚಿಕ್ಕ ಸಂಖ್ಯೆಗಳ ಎಡಕ್ಕೆ ಸೊನ್ನೆ ಹಚ್ಚಿ ಎಲ್ಲವನ್ನೂ ಸಮಾನ ಉದ್ದಕ್ಕೆ ತರುವುದು ಇದಕ್ಕೆ ಪರಿಹಾರ.

ಸಾಲುಗಳಿಗೆ ಅನುಕ್ರಮ ಸಂಖ್ಯೆಯಿದ್ದಲ್ಲಿ ಪಟ್ಟಿಯ ಶ್ರಮವಿಲ್ಲದೆಯೂ ನಡೆಯಬಹುದು. 1977ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿಯೇ ಆಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರು ರಚಿಸಿದ ಆಕ್ ಭಾಷೆಯಲ್ಲಿ, ಹಿಂದಿನ ಸಾಲಿನ ಸಂಖ್ಯೆಯೊಂದನ್ನೇ ನೆನಪಿನಲ್ಲಿಟ್ಟುಕೊಂಡು, ಈಗಿನದು ಅದಕ್ಕಿಂತ ಒಂದೇ ಹೆಚ್ಚಾಗಿರದಿದ್ದರೆ ನಡುವಿನ ಅಂತರವನ್ನು ಹೇಳೆಂದು ಒಂದೇ ಪಂಕ್ತಿಯಲ್ಲಿ ಆಜ್ಞಾಪಿಸಬಹುದು; ಕಡತವೆಷ್ಟೇ ದೊಡ್ಡದಾಗಿರಲಿ, ಒಮ್ಮೆ ಓದಿದರೆ ಸಾಕು. ಆದರೆ ಈ ವಿಧಾನಕ್ಕೆ ಕಾಣುವುದು ನಡುವಣ ಲೋಪ ಮಾತ್ರ. ಕೊನೆಯ ಹತ್ತು ಸಾಲುಗಳು ಬಾರದಿದ್ದರೆ ಅವುಗಳ ಮುಂದೆ ನಿಂತು ಸಾಕ್ಷಿ ಹೇಳುವ ಸಾಲು ಯಾವುದೂ ಇಲ್ಲವಾದ್ದರಿಂದ, ಕಡತವು ಸಂಪೂರ್ಣವಾಗಿರುವಂತೆಯೇ ತೋರುತ್ತದೆ. ಎಲ್ಲಿಗೆ ಮುಗಿಯಬೇಕಾಗಿತ್ತೆಂಬ ಅರಿವು ಲಾಗಿನ ಹೊರಗಿನಿಂದಲೇ ಬರಬೇಕು.

ಇನ್ನು ಯೋಗ್ಯತೆಯ ವಿಚಾರ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರವನ್ನು ಮೂರಕ್ಕೆ ತಿರುಗಿಸುತ್ತಾರೆ. ಸ್ಥಳೀಯ ಕಾಲವನ್ನು ಬರೆಯುವ ಲಾಗಿನಲ್ಲಿ ಅಂದು ಹನ್ನೆರಡು ಸಾಲುಗಳು ಕಾಣುವುದಿಲ್ಲ, ಆದರೆ ಕೆಲಸವೊಂದೂ ತಪ್ಪಿರುವುದಿಲ್ಲ. ಸಿಸ್‌ಲಾಗ್ ಪದ್ಧತಿಯಲ್ಲಿ ಸಂದೇಶಗಳು ಯುಡಿಪಿ ಎಂಬ ಮಾರ್ಗವಾಗಿ ಬೇರೊಂದು ಯಂತ್ರಕ್ಕೆ ಹೋಗುವಾಗ ಇದೇ ಬಗೆಯ ಮೋಸವು ಬೇರೆ ಕಾರಣದಿಂದ ಸಂಭವಿಸುತ್ತದೆ: ಆ ಮಾರ್ಗದಲ್ಲಿ ತಲಪಿತೆಂಬ ಮರುವಾರ್ತೆಯಿಲ್ಲದ ಕಾರಣ, ಕೆಲಸ ನಡೆದು ವಾರ್ತೆ ಮಾತ್ರ ದಾರಿಯಲ್ಲಿ ನಷ್ಟವಾಗಬಹುದು. 2009ರ ಸಿಸ್‌ಲಾಗ್ ನಿಯಮಾವಳಿಯು ಪ್ರತಿಯೊಂದು ಸಂದೇಶಕ್ಕೂ ಕ್ರಮಸಂಖ್ಯೆಯನ್ನು ಸೇರಿಸಲು ಅವಕಾಶವಿತ್ತದ್ದರಿಂದ ಇಂಥ ನಷ್ಟವನ್ನು ಗುರುತಿಸಬಹುದಾಯಿತು. ಆದರೂ ಆ ಸಂಖ್ಯೆ 2147483647ನ್ನು ಮುಟ್ಟಿದೊಡನೆ ಮತ್ತೆ 1ಕ್ಕೆ ಮರಳತಕ್ಕದ್ದೆಂದು ಅಲ್ಲಿಯೇ ವಿಧಿಸಿರುವುದರಿಂದ, ಇದನ್ನರಿಯದ ಸ್ಕ್ರಿಪ್ಟಿಗೆ ಆ ಮರಳುವಿಕೆಯೇ ಮಹಾಲೋಪವೆಂದು ತೋರೀತು.

ಕಡೆಯದಾಗಿ, ಪರೀಕ್ಷಕನೂ ಪರೀಕ್ಷೆಗೆ ಒಳಗಾಗಬೇಕು. ಲೋಪವಿಲ್ಲದಾಗ ಏನನ್ನೂ ಹೇಳದಿರುವುದು ಯುನಿಕ್ಸ್ ಆಜ್ಞೆಗಳ ಸಂಪ್ರದಾಯ; ಆದರೆ ಪ್ರತಿರಾತ್ರಿ ನಡೆಯಬೇಕಾದ ನಮ್ಮ ಸ್ಕ್ರಿಪ್ಟು ತಾನೇ ನಡೆಯದೆ ಹೋದಾಗಲೂ ಅದು ಏನನ್ನೂ ಹೇಳುವುದಿಲ್ಲ. ಈ ಎರಡು ಮೌನಗಳನ್ನು ಬೇರ್ಪಡಿಸಬೇಕಾದರೆ, ನಿರೀಕ್ಷಿತ 288, ಲಬ್ಧ 288, ಲುಪ್ತ 0 ಎಂದು ಸ್ಕ್ರಿಪ್ಟು ಪ್ರತಿದಿನವೂ ಬರೆದಿಡುವಂತೆ ಮಾಡಿ, ಆ ಸಾಲು ಬಂದಿದೆಯೇ ಎಂದು ಬೇರೊಂದು ಯಂತ್ರವೋ ಹೊಣೆಹೊತ್ತ ಮನುಷ್ಯನೋ ನೋಡುವ ಏರ್ಪಾಡಿರಬೇಕು.