ಸೊಳ್ಳೆ ಹೊಟ್ಟೆಯೊಳಗೊಂದು ಕತ್ತರಿ

ರಾತ್ರಿ ಕಿವಿ ಹತ್ರ ಗುಂಯ್‌ಗುಟ್ಟಿದ್ದನ್ನು ಚಪ್ಪಾಳೆ ಹೊಡೆದು ಸಾಯಿಸ್ತೀರಿ. ಅಂಗೈಯಲ್ಲಿ ಉಳಿಯುವ ಕೆಂಪು ಚುಕ್ಕೆ ನಿಮ್ಮದೇ ರಕ್ತ. ಅದು ತಪ್ಪಿಸಿಕೊಂಡಿದ್ದರೆ ಆ ರಕ್ತಕ್ಕೆ ಏನಾಗ್ತಿತ್ತು?

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಅದರ ಹೊಟ್ಟೆಪಾಡಿಗೆ ಹೂವಿನ ಮಕರಂದ ಸಾಕು, ರಕ್ತ ಬೇಕಿರೋದು ಮೊಟ್ಟೆ ಬೆಳೆಸೋಕೆ. ಒಂದು ಸಲಕ್ಕೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಹೀರುತ್ತೆ. ನಾವು ಒಂದೇ ಕೂತಲ್ಲಿ ಅರವತ್ತು ಕೆಜಿ ಬಿರಿಯಾನಿ ತಿಂದ ಹಾಗೆ! ಇಷ್ಟು ಪ್ರೋಟೀನನ್ನು ತುಂಡರಿಸುವ ಕತ್ತರಿಯೇ ಟ್ರಿಪ್ಸಿನ್ ಎಂಬ ಕಿಣ್ವ. ನಮ್ಮ ಹೊಟ್ಟೆಯಲ್ಲೂ ಇದರ ಅಣ್ಣತಮ್ಮಂದಿರಿದ್ದಾರೆ. ಜೊತೆಗೆ, ಕುಡಿದ ರಕ್ತದ ಸುತ್ತ ಕೈಟಿನ್ ಇರುವ ಪೊರೆಯೊಂದು ಚೀಲದಂತೆ ಬೆಳೆಯುತ್ತದೆ.

ಅದು ಮಲೇರಿಯಾ ರೋಗಿಯ ರಕ್ತವಾಗಿದ್ದರೆ ಕಥೆಯೇ ಬೇರೆ. ಪರಾವಲಂಬಿಯ ಗಂಡು-ಹೆಣ್ಣು ರೂಪಗಳು ಅಲ್ಲೇ ಕೂಡಿ, ಸುಮಾರು ಒಂದು ದಿನದಲ್ಲಿ ತೆವಳುವ ಜೀವಿಯಾಗುತ್ತವೆ. ಅಲ್ಲೇ ಇದ್ದರೆ ಕತ್ತರಿಗೆ ಬಲಿ. ಹೊರಡೋಣ ಅಂದ್ರೆ ಪೊರೆ ಅಡ್ಡ. ದಾಟುವುದು ಬೆರಳೆಣಿಕೆಯಷ್ಟು ಮಾತ್ರ. ಆದರೆ ದಾಟಿದ ಒಂದೊಂದೂ ಕರುಳಿನ ಹೊರಗೋಡೆಗೆ ಅಂಟಿಕೊಂಡು ಗಂಟಾಗಿ ಊದಿ, ಸಾವಿರಾರು ಮರಿಗಳನ್ನು ಬಿಡುತ್ತದೆ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದಡಿ ಕಂಡದ್ದು ಇದೇ ಗಂಟುಗಳನ್ನು.

ಪೊರೆಯನ್ನು ದಾಟೋದು ಹೇಗೆ? ಪರಾವಲಂಬಿ ಕೈಟಿನೇಸ್ ಎಂಬ ತನ್ನದೇ ಕಿಣ್ವದಿಂದ ಅದನ್ನು ಕರಗಿಸುತ್ತೆ. ಕೋಳಿಗಳ ಮಲೇರಿಯಾ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು 1993ರಲ್ಲಿ ಇನ್ನೊಂದು ವಿಚಿತ್ರ ಕಂಡರು. ಈ ಕೈಟಿನೇಸ್ ತಯಾರಾಗುವುದು ನಿಷ್ಕ್ರಿಯವಾಗಿ. ತುದಿಯ ತುಣುಕೊಂದು ಕತ್ತರಿಸಿ ಹೋದರಷ್ಟೇ ಕೆಲಸ ಶುರು. ಕತ್ತರಿಸುವವರು ಯಾರು? ಸೊಳ್ಳೆಯದೇ ಟ್ರಿಪ್ಸಿನ್! ಕಳ್ಳನಿಗೆ ಮನೆಯೊಡತಿಯೇ ಬೀಗ ತೆಗೆದುಕೊಟ್ಟ ಹಾಗೆ.

ಹಾಗಾದ್ರೆ ಟ್ರಿಪ್ಸಿನ್ನನ್ನೇ ತಡೆದರೆ? 1996ರಲ್ಲಿ ಅದನ್ನೂ ನೋಡಿದರು. ಟ್ರಿಪ್ಸಿನ್ ವಿರುದ್ಧದ ಪ್ರತಿಕಾಯಗಳನ್ನು ರಕ್ತದಲ್ಲಿ ಬೆರೆಸಿ ಸೊಳ್ಳೆಗೆ ಕುಡಿಸಿದಾಗ ಪರಾವಲಂಬಿಯ ಬೆಳವಣಿಗೆಗೆ ತಡೆ ಬಿತ್ತು. ಅಂದರೆ ಇಂಥ ಪ್ರತಿಕಾಯ ನಮ್ಮ ರಕ್ತದಲ್ಲೇ ಇದ್ದರೆ, ಕಚ್ಚಿದ ಸೊಳ್ಳೆ ಅದನ್ನೂ ಕುಡಿದುಕೊಂಡು ಹೋಗುತ್ತೆ. ಇಂಥ ಲಸಿಕೆ ಹಾಕಿಸಿಕೊಂಡವರಿಗೆ ಜ್ವರ ತಪ್ಪುವುದಿಲ್ಲ, ಪಕ್ಕದ ಮನೆಯವರಿಗೆ ತಪ್ಪುತ್ತೆ. ಅಂಥ ಸೂಜಿಗೆ ನೀವು ತೋಳು ಚಾಚ್ತೀರಾ? ನಾನಂತೂ ಒಂದು ಕ್ಷಣ ಯೋಚಿಸಿದೆ.

ತೊಡಕೂ ಇದೆ. ಅತಿ ಮಾರಕವಾದ ಫಾಲ್ಸಿಪಾರಂ ಮಲೇರಿಯಾದ ಕೈಟಿನೇಸ್‌ನಲ್ಲಿ ಆ ಕತ್ತರಿಸಬೇಕಾದ ತುಣುಕೇ ಇಲ್ಲ. ಅದಕ್ಕೆ ಒಡತಿಯ ಸಹಾಯ ಬೇಡ. ಮಂಗಳೂರಿನವರಿಗೆ ಚಿರಪರಿಚಿತವಾದ ವೈವಾಕ್ಸ್‌ನಲ್ಲಿ ಮಾತ್ರ ಆ ತುಣುಕು ಇದೆ.