ಮಲಕ್ಕದಲ್ಲಿ ಕಾಯಿಹಾಲು

ಸಿಂಗಪುರದಿಂದ ಸುಮಾರು 240 ಕಿಲೋಮೀಟರು ದೂರದ ಮಲಕ್ಕಾ ನಮ್ಮ ಸದಸ್ಯರಲ್ಲಿ ಬಹುಮಂದಿಗೆ ಹೊಸದೇನಲ್ಲ. ಕೆಂಪು ಕಟ್ಟಡಗಳ ಮುಂದೆ ಫೋಟೋ ತೆಗೆಸಿಕೊಂಡು, ಜೋಂಕರ್ ಬೀದಿಯ ವಾರಾಂತ್ಯದ ರಾತ್ರಿಸಂತೆ ಸುತ್ತಿ, ಭಾನುವಾರ ಸಂಜೆಯ ಬಸ್ಸಿಗೆ ವಾಪಸು. ನನ್ನ ಬಿನ್ನಹ ಇಷ್ಟೆ: ಮುಂದಿನ ಸಲ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಹೊಟ್ಟೆಯನ್ನೂ ಸ್ವಲ್ಪ ಖಾಲಿ ಇಟ್ಟುಕೊಳ್ಳಿ.

1400ರ ಸುಮಾರಿಗೆ ಪರಮೇಶ್ವರನೆಂಬ ಅರಸ ಕಟ್ಟಿದ ಬಂದರು ಇದು. 1510ರಲ್ಲಿ ಬಿಜಾಪುರದ ಆದಿಲ್ ಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡ ಅಲ್ಬುಕರ್ಕನೇ ಮರುವರ್ಷ ಇಲ್ಲಿಗೂ ಬಂದು ಗೆದ್ದ. 1641ರಲ್ಲಿ ಡಚ್ಚರು ಬಂದರು. 1824ರ ಒಪ್ಪಂದದಿಂದ ಊರು ಇಂಗ್ಲಿಷರ ಪಾಲಾಯಿತು. ಗೋವೆಯಲ್ಲಿ ನಾವು ನೋಡುವ ಸಂತ ಫ್ರಾನ್ಸಿಸ್ ಝೇವಿಯರರ ದೇಹವನ್ನು ಅಲ್ಲಿಗೆ ಒಯ್ಯುವ ಮೊದಲು 1553ರಲ್ಲಿ ಕೆಲವು ತಿಂಗಳು ಇರಿಸಿದ್ದುದು ಇಲ್ಲಿನ ಗುಡ್ಡದ ಮೇಲಿನ ಇಗರ್ಜಿಯಲ್ಲೇ. ಈಗ ಅದಕ್ಕೆ ಮಾಡಿಲ್ಲ, ಗೋಡೆಗಳಷ್ಟೇ ನಿಂತಿವೆ. ಅಲ್ಲಿಂದ ಸಮುದ್ರ ನೋಡೋಣವೆಂದರೆ ಅದೂ ದೂರ ಸರಿದಿದೆ, ಮಣ್ಣು ತುಂಬಿ ಕಟ್ಟಡಗಳನ್ನು ಎಬ್ಬಿಸಿದ್ದಾರೆ.

ಇನ್ನು ತಿಂಡಿಯ ವಿಚಾರ. ಬಿಸಿಲಿನಲ್ಲಿ ಸುತ್ತಿದವರಿಗೆ ಮೊದಲು ಬೇಕಾದದ್ದು ಚೆಂಡೋಲ್. ಅಕ್ಕಿಹಿಟ್ಟಿನ ಹಸಿರು ಎಳೆಗಳು, ತೆಂಗಿನಹಾಲು, ಹೆರೆದ ಮಂಜುಗಡ್ಡೆ, ಮೇಲೆ ಕರಗಿಸಿದ ಗುಲ ಮೆಲಾಕ, ಅಂದರೆ ತೆಂಗಿನ ಹೊಂಬಾಳೆಯ ರಸ ಕಾಯಿಸಿ ಮಾಡಿದ ಬೆಲ್ಲ. ನನ್ನ ಶ್ರೀಮತಿ ಒಂದು ಚಮಚ ಬಾಯಿಗಿಟ್ಟು, “ಒತ್ತುಶಾವಿಗೆ ಕಾಯಿಹಾಲಿಗೆ ಐಸ್ ಹಾಕಿದ್ದಾರೆ, ಅಷ್ಟೇ!” ಎಂದಳು. ಅಷ್ಟೇ ಅಲ್ಲ. ಆ ಹಸಿರಿನ ಘಮ ಪಂಡಾನ್ ಎಲೆಯದು. ನಮ್ಮ ಕೇದಿಗೆಯ ಬಳಗದ ಗಿಡ. ಆ ವಾಸನೆಗೆ ಮುಖ್ಯ ಕಾರಣ 2-ಅಸಿಟೈಲ್-1-ಪೈರೊಲೀನ್ ಎಂಬ ವಸ್ತು. ಬಾಸುಮತಿ ಅನ್ನ ಘಮ್ಮೆನ್ನುವುದೂ ಅದರಿಂದಲೇ. ನೀರಿನಲ್ಲಿ ಸಾವಿರ ಕೋಟಿಗೆ ಒಂದು ಪಾಲಿದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದೆ. ನಮ್ಮ ಪ್ರಯೋಗಾಲಯದ ಯಂತ್ರಗಳಿಗೆ ಅಷ್ಟು ಸೂಕ್ಷ್ಮ ಸುಲಭವಲ್ಲ. ಪುಟು ಪಿರಿಂಗ್ ಎಂಬುದು ಬೆಲ್ಲದ ಹೂರಣವಿಟ್ಟು ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಬಿಲ್ಲೆ, ಕಾಯಿತುರಿಯೊಡನೆ. ಕಡುಬಿನ ತಮ್ಮನೆನ್ನಬಹುದು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ನ್ಯೋನ್ಯಾ ಲಕ್ಸಾದಲ್ಲಿ ಮೀನು ಕಾಣದಿದ್ದರೂ ಅರೆದ ಮಸಾಲೆಯಲ್ಲೇ ಬೆಲಚಾನ್, ಅಂದರೆ ಹುದುಗಿಸಿದ ಸೀಗಡಿ, ಸೇರಿರುತ್ತದೆ. ಮೇಲಿನದನ್ನು ತೆಗೆದುಬಿಡಿ ಎಂದರೆ ಪ್ರಯೋಜನವಿಲ್ಲ. ಮೀನು ತಿನ್ನುವವರು ಹುಣಸೆಹುಳಿಯ ಅಸಂ ಪೆಡಸ್ ಬಿಡಬೇಡಿ. ಮಂಗಳೂರಿನವರಿಗೆ ತವರಿನ ನೆನಪಾದೀತು.

ಆದರೆ ನಾನು ಹೆಚ್ಚು ಹೊತ್ತು ಕಳೆದದ್ದು ಗಾಜಾ ಬೆರಾಂಗ್ ಬೀದಿಯ ಚೆಟ್ಟಿಗಳ ಕೇರಿಯಲ್ಲಿ. ಸುಲ್ತಾನರ ಕಾಲದಲ್ಲಿ ವ್ಯಾಪಾರಕ್ಕೆ ಬಂದ ತಮಿಳು ವರ್ತಕರು ಇಲ್ಲಿನ ಹೆಂಗಸರನ್ನು ಮದುವೆಯಾಗಿ ನೆಲೆಸಿದರು. ಅವರ ಸಂತತಿ ಇವರು. ಹೆಂಗಸರ ಸಾಂಪ್ರದಾಯಿಕ ಉಡುಪು ಸರೋಂಗ್, ಮನೆಮಾತು ಮಲಯ, ದೇವರು ಮಾತ್ರ ಮಾರಿಯಮ್ಮ. ತಮಿಳು ಯಾವ ತಲೆಮಾರಿನಲ್ಲಿ ಹೋಯಿತೆಂದು ಬೆರಳಿಟ್ಟು ತೋರಿಸುವಂತಿಲ್ಲ. ಅಂಥವು ಒಂದೇ ದಿನ ಹೋಗುವುದಿಲ್ಲವಲ್ಲ. ಸಂಕ್ರಾಂತಿಯ ಹಿಂದಿನ ಭೋಗಿಯಂದು ಅವರು ಬಾಳೆಲೆ ಹಾಸಿ, ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅದಕ್ಕೆ ಪರ್ಚು ಎಂದು ಹೆಸರು. ಎಲೆಯ ಮೇಲೆ ತೆಂಗಿನಹಾಲಿನ ಅನ್ನವೂ ಉಂಟು, ಸಂಬಾಲ್ ಚಟ್ನಿಯೂ ಉಂಟು.

“ಮಾತು ಹೋಗಿ ಎಡೆ ಉಳಿದರೆ ಸಾಕೇ?” ಎಂದು ಶ್ರೀಮತಿ ಕೇಳಿದಳು. ಹಿಂದಿನ ಸೀಟಿನಲ್ಲಿ ನಮ್ಮ ಮಕ್ಕಳಿಬ್ಬರೂ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ನಾನು ಕನ್ನಡದಲ್ಲೇ ಗದರಿಸಿದೆ. ಅವರು ಸುಮ್ಮನಾದರು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬಂತು.

ಬರುವ ಭೋಗಿಗೆ ಹೋಗಬೇಕೆನ್ನುವವರು ಗಮನಿಸಿ: ಪರ್ಚು ಮನೆಯೊಳಗಿನ ಆಚರಣೆ, ಕರೆಯದೆ ನುಗ್ಗುವಂಥದಲ್ಲ. ಕೇರಿಯಲ್ಲಿ ಅವರದೇ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ, ಅಲ್ಲಿಂದ ಆರಂಭಿಸಿ.